ಕಿವಿಗೊಟ್ಟು ಪರೀಕ್ಷಿಸಬೇಕಾದ ಜಾಲತಾಣ

ಹಳೆಯ ‘ನುಡಿ’ ಫಾಂಟಿನಲ್ಲಿ ‘ಬಳ್ಳಾರಿ’ ಎಂದು ಟೈಪ್ ಮಾಡಿದರೆ ಕಣ್ಣಿಗೆ ಕಾಣುವುದು ಅಚ್ಚ ಕನ್ನಡ. ಕಂಪ್ಯೂಟರಿನ ಒಳಗೆ ಉಳಿಯುವುದೇ ಬೇರೆ. ‘ರಿ’ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ಸಣ್ಣ ಜೆ ಕೂತಿರುತ್ತದೆ. ‘ಬ’ ಇರಬೇಕಾದಲ್ಲಿ ಕಾನೂನು ಪುಸ್ತಕಗಳಲ್ಲಿ ಕಲಂ ಸಂಖ್ಯೆಗೆ ಮೊದಲು ಹಾಕುವ ಗುರುತು. ಅದೇ ಜಿಲ್ಲೆಯ ‘ಸಿರುಗುಪ್ಪ’ದ ‘ಪ್ಪ’ ಶುರುವಾಗುವುದು ಜಪಾನಿನ ಯೆನ್ ಚಿಹ್ನೆಯಿಂದ. ಇವುಗಳ ಮೇಲೆ ಫಾಂಟು ಕನ್ನಡದ ಆಕಾರ ಹೊದಿಸುತ್ತದೆ, ಅಷ್ಟೆ. ಕಣ್ಣಿದ್ದವರಿಗೆ ಇದು ಗೊತ್ತೇ ಆಗುವುದಿಲ್ಲ. ಆದರೆ ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಒಳಗಿರುವುದನ್ನೇ ಓದುತ್ತದೆ. ಬಿಡಿಬಿಡಿ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳ ಹೆಸರುಗಳು ಕೇಳಿಸುತ್ತವೆ. ಊರಿನ ಹೆಸರು ಮಾತ್ರ ಕೇಳಿಸುವುದಿಲ್ಲ.

ಇಂಥ ಪುಟವೊಂದನ್ನು ದೋಷ ಹುಡುಕುವ ತಂತ್ರಾಂಶಕ್ಕೆ ಕೊಟ್ಟು ನೋಡಿ. ಪಠ್ಯವಿದೆ, ಬಣ್ಣ ಸರಿಯಿದೆ, ಶೀರ್ಷಿಕೆಗಳು ಕ್ರಮದಲ್ಲಿವೆ. ಪುಟ ಪಾಸಾಗಿಬಿಡುತ್ತದೆ.

ಜಾಲತಾಣವೊಂದು ವಿಕಲಚೇತನರಿಗೆ ಎಟುಕುತ್ತದೆಯೇ ಎಂದು ಯಂತ್ರದಿಂದ ಪರೀಕ್ಷಿಸುವ ಕೆಲಸ ಶುರುವಾದದ್ದು 1996ರಲ್ಲಿ. ಅಮೆರಿಕದ ಕ್ಯಾಸ್ಟ್ ಎಂಬ ಸಂಸ್ಥೆ ‘ಬಾಬಿ’ ಎಂಬ ಪರೀಕ್ಷಕ ತಂತ್ರಾಂಶವನ್ನು ಹೊರತಂದಿತು. ಪುಟದ ವಿಳಾಸ ಕೊಟ್ಟರೆ ಚಿತ್ರಗಳಿಗೆ ವಿವರಣೆ ಇದೆಯೇ ಎಂಬಂಥ ಸಂಗತಿಗಳನ್ನು ಅದು ಹುಡುಕಿ ಹೇಳುತ್ತಿತ್ತು. ಯಾವುದನ್ನು ದೋಷ ಎನ್ನಬೇಕೆಂಬುದಕ್ಕೆ ಎಲ್ಲರೂ ಒಪ್ಪುವ ಮಾನದಂಡ ಬಂದದ್ದು 1999ರ ಮೇ ತಿಂಗಳಲ್ಲಿ. ವರ್ಲ್ಡ್ ವೈಡ್ ವೆಬ್ ಒಕ್ಕೂಟ ಡಬ್ಲ್ಯುಸಿಎಜಿ ಎಂಬ ಮಾರ್ಗಸೂಚಿಯನ್ನು ಆಗ ಪ್ರಕಟಿಸಿತು.

ಅದರ ಬೆನ್ನಿಗೇ ಬಂದ ಸಿಡ್ನಿಯ ಪ್ರಕರಣವನ್ನು ಸ್ವಲ್ಪ ನಿಂತು ನೋಡಬೇಕು. 2000ದ ಒಲಿಂಪಿಕ್ಸ್ ಜಾಲತಾಣದ ಚಿತ್ರಗಳಿಗೆ ವಿವರಣೆ ಇರಲಿಲ್ಲ, ಫಲಿತಾಂಶದ ಪಟ್ಟಿಗಳನ್ನು ಓದಿಸಿಕೊಳ್ಳಲು ಆಗುತ್ತಿರಲಿಲ್ಲ. ಬ್ರೂಸ್ ಮಗ್ವೈರ್ ಎಂಬ ಅಂಧರು ಆಸ್ಟ್ರೇಲಿಯಾದ ಮಾನವ ಹಕ್ಕು ಆಯೋಗಕ್ಕೆ ದೂರು ಕೊಟ್ಟರು. ಸರಿಪಡಿಸಲು ವರ್ಷಕ್ಕೂ ಹೆಚ್ಚು ಬೇಕು ಎಂದು ಸಂಘಟಕರು ವಾದಿಸಿದರು. ಕೆಲವು ವಾರ ಸಾಕು ಎಂದು ತಜ್ಞರು ಸಾಕ್ಷ್ಯ ನುಡಿದರು. ಆಯೋಗ ತಜ್ಞರ ಮಾತನ್ನು ನಂಬಿತು. ಹೇಳಿದಂತೆ ತಿದ್ದದ ಸಂಘಟಕರು ಮಗ್ವೈರ್ ಅವರಿಗೆ 20,000 ಆಸ್ಟ್ರೇಲಿಯನ್ ಡಾಲರ್ ಪರಿಹಾರ ಕೊಡಬೇಕೆಂದು ಆದೇಶವಾಯಿತು. ನನ್ನ ದೃಷ್ಟಿಯಲ್ಲಿ ಪರೀಕ್ಷೆಗೆ ಬೆಲೆ ಬಂದದ್ದು ಅಂದು. ಅಲ್ಲಿಯವರೆಗೆ ಅದು ಒಳ್ಳೆಯ ಮನಸ್ಸಿನವರ ಹವ್ಯಾಸವಾಗಿತ್ತು.

ಯಂತ್ರಗಳೂ ಚುರುಕಾದವು. ‘ವೇವ್’, ‘ಆ್ಯಕ್ಸ್’ ಮುಂತಾದವು ಇಂದು ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತವೆ. ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಬಣ್ಣದ ಅಂತರ 4.5ಕ್ಕೆ 1ರ ಅನುಪಾತಕ್ಕಿಂತ ಕಡಿಮೆಯಾದರೆ ಕ್ಷಣದಲ್ಲಿ ಹಿಡಿಯುತ್ತವೆ. ಜಗತ್ತಿನ ಹತ್ತು ಲಕ್ಷ ಮುಖಪುಟಗಳನ್ನು ಪ್ರತಿವರ್ಷ ಹೀಗೆ ಜಾಲಾಡುವ ವೆಬ್‌ಏಮ್ ಸಂಸ್ಥೆಗೆ 2025ರಲ್ಲೂ ಶೇ 94.8ರಷ್ಟು ಪುಟಗಳಲ್ಲಿ ದೋಷ ಸಿಕ್ಕಿತು. ಆದರೂ ಚಿತ್ರಕ್ಕೆ ವಿವರಣೆ ಇದೆ ಎಂದಷ್ಟೇ ಯಂತ್ರ ಹೇಳಬಲ್ಲದು. ಆ ವಿವರಣೆಗೆ ಅರ್ಥವಿದೆಯೇ ಎಂದು ಅದಕ್ಕೆ ತಿಳಿಯದು. ಬ್ರಿಟನ್ ಸರ್ಕಾರದ ಡಿಜಿಟಲ್ ವಿಭಾಗ 2017ರಲ್ಲಿ ಬೇಕೆಂದೇ ದೋಷಗಳನ್ನು ತುಂಬಿದ ಪುಟವೊಂದನ್ನು ಕಟ್ಟಿ ಇಂಥ ಸಾಧನಗಳಿಗೆ ಒಡ್ಡಿತು. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ ಸಾಧನಕ್ಕೂ ಅರ್ಧದಷ್ಟು ದೋಷಗಳೂ ಸಿಗಲಿಲ್ಲ.

ಹಾಗಾಗಿ ಕೈಯಿಂದ ಮಾಡುವ ಪರೀಕ್ಷೆಗಳೂ ಬೇಕು. ಮೌಸ್ ಪಕ್ಕಕ್ಕಿಟ್ಟು ಬರೀ ಟ್ಯಾಬ್ ಕೀಲಿ ಒತ್ತುತ್ತ ಅರ್ಜಿಯ ಕೊನೆಯ ಗುಂಡಿಯವರೆಗೆ ಹೋಗಲು ಆಗುತ್ತದೆಯೇ? ಕೈ ನಡುಗುವವರಿಗೂ ಅಂಧರಿಗೂ ಬೇಕಾದ ಪರೀಕ್ಷೆ ಇದು. ಪುಟವನ್ನು ನಾಲ್ಕು ಪಟ್ಟು ಹಿಗ್ಗಿಸಿದಾಗ ಸಾಲುಗಳು ಪರದೆಯ ಆಚೆ ಓಡುತ್ತವೆಯೇ? ಕಿವಿ ಕೇಳದವರಿಗೆ ವಿಡಿಯೊದ ಮಾತು ಅಕ್ಷರದಲ್ಲಿ ಸಿಗುತ್ತದೆಯೇ? ಇವುಗಳ ಜೊತೆಗೆ ಸ್ಕ್ರೀನ್ ರೀಡರ್ ಹಾಕಿ ಕೇಳುವ ಪರೀಕ್ಷೆ. ಹೆಚ್ಚು ಬಳಕೆಯಲ್ಲಿದ್ದ ‘ಜಾಸ್’ ದುಬಾರಿ. 2006ರಲ್ಲಿ ಆಸ್ಟ್ರೇಲಿಯಾದ ಅಂಧ ತರುಣ ಮೈಕೆಲ್ ಕರನ್ ಶುರುಮಾಡಿ, ಅಲ್ಲಿನ ಇನ್ನೊಬ್ಬ ಅಂಧ ತರುಣ ಜೇಮ್ಸ್ ಟೆ ಜೊತೆ ಸೇರಿ ಬೆಳೆಸಿದ ‘ಎನ್‌ವಿಡಿಎ’ ಸಂಪೂರ್ಣ ಉಚಿತ. ಅದರೊಂದಿಗೆ ಬರುವ ‘ಇ-ಸ್ಪೀಕ್’ ಧ್ವನಿ ಕನ್ನಡವನ್ನೂ ಓದುತ್ತದೆ. ನಮ್ಮ ಊರುಗಳಿಗೆ ಪರೀಕ್ಷೆಯ ಸಾಧನ ಬಂದದ್ದು ಈ ದಾರಿಯಲ್ಲಿ.

ಭಾರತ ಸರ್ಕಾರದ ಜಾಲತಾಣಗಳಿಗೆ ಮಾರ್ಗಸೂಚಿ ಬಂದದ್ದು 2009ರಲ್ಲಿ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ 2012ರಲ್ಲಿ 7,800 ಸರ್ಕಾರಿ ಜಾಲತಾಣಗಳನ್ನು ಪರೀಕ್ಷೆಗೆ ಒಡ್ಡಿದಾಗ 1,985 ತೆರೆಯಲೇ ಇಲ್ಲ. ತೆರೆದವುಗಳಲ್ಲೂ ಅಡೆತಡೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಹಕ್ಕಿನ ಮಾತಾಗಿಸಿತು. ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ, ಬರೀ ಶಿಫಾರಸಿನಂತಿರುವ ನಿಯಮ ಸಾಲದು, ಕಡ್ಡಾಯ ಮಾನದಂಡ ಬೇಕು ಎಂದಿತು. 2025ರ ಏಪ್ರಿಲ್ 30ರ ತೀರ್ಪು ಇನ್ನೂ ಹತ್ತಿರದ್ದು. ಆ್ಯಸಿಡ್ ದಾಳಿಯಿಂದ ನೊಂದ ಪ್ರಜ್ಞಾ ಪ್ರಸೂನ್ ಬ್ಯಾಂಕ್ ಖಾತೆ ತೆರೆಯಲು ಹೋದಾಗ ಕ್ಯಾಮೆರಾ ಎದುರು ಕಣ್ಣು ಮಿಟುಕಿಸಬೇಕಿತ್ತು. ಅವರಿಂದ ಅದು ಸಾಧ್ಯವಿರಲಿಲ್ಲ. ಡಿಜಿಟಲ್ ಸೇವೆ ಎಟುಕುವುದು ಬದುಕುವ ಹಕ್ಕಿನ ಭಾಗ ಎಂದ ನ್ಯಾಯಾಲಯ, ಕಾಲಕಾಲಕ್ಕೆ ತಪಾಸಣೆ ನಡೆಯಬೇಕು, ಹೊಸ ಆ್ಯಪ್ ಅಥವಾ ಜಾಲತಾಣದ ಪರೀಕ್ಷೆಯಲ್ಲಿ ಅಂಧರನ್ನು ಸೇರಿಸಿಕೊಳ್ಳಬೇಕು ಎಂದು ನಿರ್ದೇಶಿಸಿತು.

ಈ ಕೊನೆಯ ನಿರ್ದೇಶನವೇ ಬಳ್ಳಾರಿಗೆ ಬೇಕಾದದ್ದು. ಜಿಲ್ಲಾಡಳಿತದ ಜಾಲತಾಣ ಸರ್ಕಾರಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿಯ ‘ಎಸ್ ತ್ರೀ ವಾಸ್’ ಚೌಕಟ್ಟಿನಲ್ಲಿದೆ. ಅಕ್ಷರ ಹಿಗ್ಗಿಸುವ, ಬಣ್ಣ ಬದಲಿಸುವ, ನೇರ ಮುಖ್ಯ ವಿಷಯಕ್ಕೆ ಹಾರುವ ಅನುಕೂಲಗಳು ಆ ಚೌಕಟ್ಟಿನಲ್ಲೇ ಬರುತ್ತವೆ. ಒಳ್ಳೆಯದು. ಆದರೆ ಚೌಕಟ್ಟು ಎಷ್ಟೇ ಚೆನ್ನಾಗಿದ್ದರೂ, ಯಾವುದೇ ಕಚೇರಿಯವರು ಸಹಿ ಮಾಡಿದ ಸುತ್ತೋಲೆಯನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಏರಿಸಿದರೆ ಅದು ಬರೀ ಚಿತ್ರ. ಸ್ಕ್ರೀನ್ ರೀಡರ್‌ಗೆ ಅಲ್ಲಿ ಓದಲು ಏನೂ ಇರುವುದಿಲ್ಲ. ಯಂತ್ರದ ವರದಿ ಮಾತ್ರ ಹಸಿರು ಬಣ್ಣದಲ್ಲೇ ಇರಬಹುದು.

ಇದನ್ನು ಪರೀಕ್ಷಿಸಬಲ್ಲವರು ತಾಲ್ಲೂಕುಗಳಲ್ಲೇ ಇದ್ದಾರೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಜನ ವಿಆರ್‌ಡಬ್ಲ್ಯು ಎನ್ನುವವರು, ಬಹುತೇಕ ಸ್ವತಃ ವಿಕಲಚೇತನರು. ಪಿಂಚಣಿಯಿಂದ ಗುರುತಿನ ಚೀಟಿಯವರೆಗೆ ಯಾವ ಅರ್ಜಿ ಎಲ್ಲಿ ಸಿಕ್ಕಿಬೀಳುತ್ತದೆ ಎಂದು ಅವರಷ್ಟು ಬಲ್ಲವರಿಲ್ಲ. ಆಂಡ್ರಾಯ್ಡ್ ಫೋನಿನ ‘ಟಾಕ್‌ಬ್ಯಾಕ್’ಗೆ ಬೇರೆ ಖರ್ಚೂ ಇಲ್ಲ. ಸಿರುಗುಪ್ಪದ ಅಂಧ ರೈತರೊಬ್ಬರಿಗೆ ಪಹಣಿ ತೆಗೆಯಲು, ಕುರುಗೋಡಿನ ಕಿವಿ ಕೇಳದ ಹೆಣ್ಣುಮಗಳಿಗೆ ಯೋಜನೆಯೊಂದರ ವಿಡಿಯೊ ಅರ್ಥಮಾಡಿಕೊಳ್ಳಲು ಹೇಳಿ, ಪಕ್ಕದಲ್ಲಿ ಸುಮ್ಮನೆ ಕೂತು ಎಲ್ಲಿ ತಡೆಯಿತು ಎಂದು ಬರೆದುಕೊಳ್ಳಬೇಕು. ಹೀಗೆ ಪರೀಕ್ಷಿಸಿಕೊಟ್ಟವರಿಗೆ ಸಂಭಾವನೆ ಕೊಡಬೇಕು.

ಇಂದು ಇಂಥ ವಿಕಲಚೇತನರು ಸೈಬರ್ ಸೆಂಟರಿಗೋ ಗ್ರಾಮ ಒನ್ ಕೇಂದ್ರಕ್ಕೋ ಹೋಗಿ ಆಧಾರ್ ಸಂಖ್ಯೆ, ಫೋನಿಗೆ ಬಂದ ಒಟಿಪಿ ಎರಡನ್ನೂ ಇನ್ನೊಬ್ಬರ ಕೈಗೆ ಒಪ್ಪಿಸಬೇಕಾಗಿದೆ. ಹೊಸ ಜಾಲತಾಣ ಕಟ್ಟಿಸುವ ಪ್ರತಿ ಟೆಂಡರ್‌ನಲ್ಲಿ, ಕೊನೆಯ ಕಂತಿನ ಹಣ ಬಿಡುಗಡೆಗೆ ಮುಂಚೆ, ಇಂಥ ಒಬ್ಬರು ತಮ್ಮದೇ ಫೋನಿನಲ್ಲಿ ಒಟಿಪಿಯನ್ನು ಯಾರಿಗೂ ಹೇಳದೆ ಅರ್ಜಿಯನ್ನು ಪೂರ್ತಿ ಸಲ್ಲಿಸಿ ತೋರಿಸಬೇಕು ಎಂಬ ಒಂದು ಷರತ್ತು ಸೇರಲಿ.