0.1 ರಿಕವರಿಗೆ ಯಾರು ತಲೆ ಕೆಡಿಸಿಕೊಳ್ಳಬೇಕು?

ಬೋರಗಾಂವದಲ್ಲಿ ಯಾವ ಕಬ್ಬು ಬೆಳೆಗಾರರನ್ನು ಬೇಕಾದರೂ ಕೇಳಿ, ‘86032’ ಅಂದ್ರೆ ಏನು ಅಂತ ಥಟ್ಟನೆ ಹೇಳ್ತಾರೆ. ಪಿನ್‌ಕೋಡ್ ಅಲ್ಲ, ಕಬ್ಬಿನ ತಳಿ. ಪೂರ್ತಿ ಹೆಸರು ಕೋ 86032. ‘ಕೋ’ ಅಂದರೆ ಕೊಯಮತ್ತೂರು, ಮೊದಲ ಎರಡು ಅಂಕಿ 1986. ಅಲ್ಲಿನ ಕಬ್ಬು ತಳಿ ಸಂಸ್ಥೆ 1912ರಲ್ಲಿ ಶುರುವಾದಾಗ ಭಾರತ ಜಾವಾದಿಂದ ಸಕ್ಕರೆ ತರಿಸಿಕೊಳ್ಳುತ್ತಿತ್ತು. ಬಾರ್ಬರ್ ಮತ್ತು ವೆಂಕಟರಾಮನ್ ಕಾಡುಕಬ್ಬಿನ ಜೊತೆ ಸಂಕರ ಮಾಡಿ ಕೋ 205 ತಳಿ ಕೊಟ್ಟರು. ಈಗ ಸಕ್ಕರೆ ಉತ್ಪಾದನೆಯಲ್ಲಿ ಬ್ರೆಜಿಲ್ ಜೊತೆ ಪೈಪೋಟಿ ನಮ್ಮದು.

ಅದು ಸರ್ಕಾರಿ ದುಡ್ಡಿನ ಕಥೆ. ಕೃಷ್ಣೆಯ ಆಚೆ ಇನ್ನೊಂದು ದಾರಿ ಹಿಡಿದರು. 1975ರಲ್ಲಿ ಮಹಾರಾಷ್ಟ್ರದ ಸಹಕಾರಿ ಕಾರ್ಖಾನೆಗಳ ಬೆಳೆಗಾರ ಸದಸ್ಯರೇ ಸೇರಿ ಪುಣೆ ಹತ್ತಿರ ಒಂದು ಸಂಶೋಧನಾ ಸಂಸ್ಥೆ ಕಟ್ಟಿಕೊಂಡರು. ಈಗಿನ ವಸಂತದಾದಾ ಶುಗರ್ ಇನ್‌ಸ್ಟಿಟ್ಯೂಟ್. ನಮ್ಮ ಕಡೆ ಏನೂ ಇಲ್ಲ ಅಂತಲ್ಲ. ಸಂಕೇಶ್ವರದಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಬ್ಬು ಸಂಶೋಧನಾ ಕೇಂದ್ರ ಇದೆ, ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ, ವಿಟಿಯು ಕೇಂದ್ರ ಕಚೇರಿಯೂ ಅಲ್ಲೇ.

ಈಗ ಲೆಕ್ಕ ನೋಡಿ. 2025-26ರ ಎಫ್‌ಆರ್‌ಪಿ ಕ್ವಿಂಟಲ್‌ಗೆ ₹355, ಅದೂ ರಿಕವರಿ ಶೇ 10.25 ಇದ್ದರೆ. ಅದರ ಮೇಲೆ ಪ್ರತಿ 0.1ಕ್ಕೆ ₹3.46 ಹೆಚ್ಚು. ಎಕರೆಗೆ 40 ಟನ್ ಬಂತು ಅಂತಿಟ್ಟುಕೊಂಡರೆ ₹1,384. ದೊಡ್ಡ ಮೊತ್ತ ಅನಿಸಲಿಕ್ಕಿಲ್ಲ. ಆದರೆ 10 ಲಕ್ಷ ಟನ್ ನುರಿಸುವ ಕಾರ್ಖಾನೆಗೆ ಅದೇ 0.1 ಅಂದರೆ 1,000 ಟನ್ ಸಕ್ಕರೆ!

ಕಬ್ಬು ಕಡಿದ ಮೇಲೆ ಬಿಸಿಲಲ್ಲಿ ಕಾದಷ್ಟೂ ಅದರೊಳಗಿನ ಸಕ್ಕರೆ ಒಡೆದುಹೋಗುತ್ತದೆ. ಬಲಿಯದ ಕಬ್ಬು ಕಡಿದರೂ ನಷ್ಟ. ಹಾಗಾದರೆ ಯಾರ ಹೊಲ ಇವತ್ತು, ಯಾರದು ಎಂಟು ದಿನ ಬಿಟ್ಟು, ಯಾವ ಟೋಳಿ ಎಲ್ಲಿಗೆ, ಯಾವ ಟ್ರ್ಯಾಕ್ಟರ್ ಯಾವಾಗ ಗೇಟಿಗೆ? ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಇದು ಅಪ್ಪಟ ಶೆಡ್ಯೂಲಿಂಗ್ ಸಮಸ್ಯೆ. ಆಫೀಸಿನಲ್ಲಿ ಊಟದ ಡೆಲಿವರಿಗೆ ನಾವು ಬರೆಯುವ ಕೋಡಿಗಿಂತ ಸ್ವಲ್ಪ ಕಷ್ಟ, ಅಷ್ಟೇ.

ಇದನ್ನು ರೈತ ಒಬ್ಬನೇ ಮಾಡಿದರೆ ಆಗದು. ಎಫ್‌ಆರ್‌ಪಿ ಲೆಕ್ಕ ಹಿಡಿಯುವುದು ಇಡೀ ಕಾರ್ಖಾನೆಯ ಸರಾಸರಿ ರಿಕವರಿಯ ಮೇಲೆ. ನಾನು ಸರಿಯಾದ ದಿನ ಕಡಿದರೂ ಲಾಭ ಎಲ್ಲರಿಗೂ ಹಂಚಿಹೋಗುತ್ತದೆ. ಕಾರ್ಖಾನೆಯೇ ಮುಂದಾಗಬೇಕು. ಅವರ ಹತ್ತಿರ ಹಂಗಾಮುಗಟ್ಟಲೆ ದಾಖಲೆ ಇದೆ, ಅದನ್ನು ಅರಗಿಸುವ ಜನ ಇರುವುದು ಕಾಲೇಜಿನಲ್ಲಿ. ಆ ಜನ ಏನು ಮಾಡ್ತಿದಾರೆ? ಫೈನಲ್ ಇಯರ್ ಪ್ರಾಜೆಕ್ಟನ್ನು ಬೈಂಡಿಂಗ್ ಸಮೇತ ಅಂಗಡಿಯಲ್ಲಿ ಕೊಳ್ಳುವವರು ಎಷ್ಟು ಜನ ಅಂತ ಎಂಜಿನಿಯರಿಂಗ್ ಓದಿದವರಿಗೆ ನಾನು ಹೇಳಬೇಕಿಲ್ಲ.

ಬಾರಾಮತಿಯಲ್ಲಿ ಆಗಿದೆ. ಅಲ್ಲಿನ ಕೃಷಿ ಅಭಿವೃದ್ಧಿ ಟ್ರಸ್ಟ್, ಮೈಕ್ರೋಸಾಫ್ಟ್ ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಜ್ಞರು ಸೇರಿ ಉಪಗ್ರಹ ಚಿತ್ರ, ಮಣ್ಣಿನ ಸೆನ್ಸರ್, ಎಐ ಹಿಡಿದು ಸುಮಾರು 1,000 ರೈತರ ಜೊತೆ ಕೆಲಸ ಶುರುಮಾಡಿದರು. ಯಾವಾಗ ನೀರು, ಎಷ್ಟು ಗೊಬ್ಬರ ಅಂತ ಮೊಬೈಲಿಗೇ ಬರುತ್ತದೆ. ಅತಿ ನೀರಾವರಿಯಿಂದ ಸವಳು ಹಿಡಿದ ಅಥಣಿ, ರಾಯಬಾಗ ಕಡೆಯ ಹೊಲಗಳಿಗೆ ಇಂಥದ್ದು ಎಷ್ಟು ಬೇಕಾಗಿದೆ!

ಆದರೆ ಒಂದು ಮಾತು. ಹೊಲದ ಮಾಹಿತಿ ಯಾರದು? ನನ್ನ ಜಮೀನಿನ ಇಳುವರಿ, ನೀರು, ಮಣ್ಣಿನ ಲೆಕ್ಕ ಕಂಪನಿಯ ಸರ್ವರಿನಲ್ಲಿ ಕೂತರೆ ನಾಳೆ ಅದೇ ಲೆಕ್ಕ ತೋರಿಸಿ ಸಾಲವನ್ನೋ ವಿಮೆಯನ್ನೋ ನಿರಾಕರಿಸಬಹುದು. ಒಪ್ಪಂದಕ್ಕೆ ಕಾರ್ಖಾನೆ, ಕಾಲೇಜು ಸಹಿ ಹಾಕುವಾಗ ಮೂರನೇ ಕುರ್ಚಿಯಲ್ಲಿ ರೈತರೂ ಕೂತಿರಬೇಕು, ಒಪ್ಪಂದ ಕನ್ನಡದಲ್ಲೂ ಮರಾಠಿಯಲ್ಲೂ ಇರಬೇಕು.

ಈ ಭಾಗದಿಂದ ಬೆಂಗಳೂರು, ಪುಣೆ ಸೇರಿದ ನಮ್ಮಂಥವರು ಒಂದು ಕೆಲಸವನ್ನಂತೂ ಮಾಡಬಹುದು. ಮುಂದಿನ ಹಂಗಾಮಿಗೆ ಮೊದಲು ಓದಿದ ಕಾಲೇಜಿಗೆ ಹೋಗಿ, ಇಬ್ಬರು ವಿದ್ಯಾರ್ಥಿಗಳನ್ನು ಕರ್ಕೊಂಡು ಕಾರ್ಖಾನೆಯ ಕೇನ್ ಆಫೀಸಿನಲ್ಲಿ ಒಂದು ದಿನ ಕೂತುಬರುವುದು. ಪಾಳಿಯ ಚೀಟಿಗಾಗಿ ಜಗಳ ಆಡುವವರನ್ನು ನೋಡಿದರೆ ಪ್ರಾಜೆಕ್ಟಿನ ವಿಷಯ ಅಲ್ಲೇ ಸಿಗುತ್ತದೆ.