ಹುಳುವಿಗುಂಟು ವಿರಾಮ, ಸಾಕುವವರಿಗೆ?

ಚಿಕ್ಕಬಳ್ಳಾಪುರದ ಸುತ್ತಿನ ಹಳ್ಳಿಗಳಲ್ಲಿ ರೇಷ್ಮೆ ಸಾಕುವ ಮನೆಯನ್ನು ಹೊಕ್ಕವರಿಗೆ ಒಂದು ಸೋಜಿಗ ಕಾಣುವುದುಂಟು. ಹುಳುವಿನ ಮನೆಯ ಶಾಖ, ತೇವ, ಗಾಳಿಗಳನ್ನು ಗಳಿಗೆಗೊಮ್ಮೆ ವಿಚಾರಿಸುವ ಮನೆಯವರು ತಮ್ಮ ಊಟದ ಹೊತ್ತು ಮೀರಿದುದನ್ನು ಮಾತ್ರ ಮರೆತಿರುತ್ತಾರೆ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಸೀಮೆಗಳ ಎಷ್ಟೋ ಸಂಸಾರಗಳು ಈ ಕಸುಬನ್ನು ನಂಬಿವೆ. ಕಸುಬು ಉಳಿಯಬೇಕಾದರೆ ಕಸುಬುದಾರರ ದೇಹವೂ ಉಳಿಯಬೇಕಷ್ಟೆ. ಬಿಡುವಿಲ್ಲದ ದುಡಿಮೆಯಲ್ಲಿ ದೇಹದ ಆರೈಕೆಗೆ ವೇಳೆಯೆಲ್ಲಿ? ಉತ್ತರವನ್ನು ಹುಳುವಿನಿಂದಲೇ ಕಲಿಯಬಹುದೆಂದು ನಮಗೆ ತೋರುತ್ತದೆ.

ಮೊಟ್ಟೆಯೊಡೆದು ಬಂದ ಹುಳು ಸುಮಾರು 25 ದಿನಗಳಲ್ಲಿ ತನ್ನ ತೂಕವನ್ನು ಹತ್ತಿರ ಹತ್ತಿರ 10,000 ಪಟ್ಟು ಹೆಚ್ಚಿಸಿಕೊಳ್ಳುತ್ತದೆ. ಅದರ ಚರ್ಮಕ್ಕೆ ಅಷ್ಟು ಹಿಗ್ಗುವ ಶಕ್ತಿಯಿಲ್ಲ. ಆದ್ದರಿಂದ ಅದು ನಾಲ್ಕು ಸಲ ಪೊರೆ ಕಳಚುತ್ತದೆ. ನಮ್ಮ ರೈತರು ಇದನ್ನು ‘ಜ್ವರ’ ಎನ್ನುತ್ತಾರಾದರೂ ಇದು ರೋಗವಲ್ಲ, ಬೆಳವಣಿಗೆಯ ಒಂದು ಹಂತ. ಆಗ ಹುಳು ತಲೆಯೆತ್ತಿ ಅಲುಗದೆ ಕುಳಿತು, ಸುಮಾರು ಒಂದು ದಿನ ಸೊಪ್ಪನ್ನು ಮುಟ್ಟುವುದಿಲ್ಲ. ಬಲ್ಲ ರೈತನು ಹಾಸಿಗೆ ಒಣಗಲೆಂದು ಸುಣ್ಣದ ಪುಡಿ ಉದುರಿಸಿ, ಹುಳುವನ್ನು ಕೆಣಕದೆ ಸುಮ್ಮನಿರುತ್ತಾನೆ.

ನಾಲ್ಕನೆಯ ಜ್ವರದಿಂದೆದ್ದ ಹುಳುವಿನ ಹಸಿವೋ ಹೇಳತೀರದು. ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚನ್ನು ಅದು ಈ ಕೊನೆಯ 6–8 ದಿನಗಳಲ್ಲೇ ಮುಗಿಸುತ್ತದೆ. ಸೊಪ್ಪು ಕೊಯ್ಯುವುದು, ಹೊರುವುದು, ಹರಡುವುದು, ಕಸ ತೆಗೆಯುವುದು, ಹಣ್ಣಾದ ಹುಳುಗಳನ್ನಾಯ್ದು ಚಂದ್ರಿಕೆಗೆ ಬಿಡುವುದು: ಮನೆಮಂದಿಗೆ ರಾತ್ರಿ ಹಗಲುಗಳ ಭೇದವಿರದು.

ಹೀಗಿರುವಾಗ ಜ್ವರದ ದಿನವು ಹುಳುವಿಗೆ ಮಾತ್ರವಲ್ಲ, ಸಾಕುವವರಿಗೂ ಸಿಕ್ಕ ಬಿಡುವಲ್ಲವೆ? ಮುಂದೂಡಿದ ಸ್ನಾನ, ಹೊಟ್ಟೆತುಂಬ ಬಿಸಿಯೂಟ, ವೈದ್ಯರ ಭೇಟಿ, ಮುಖ್ಯವಾಗಿ ನಿದ್ದೆ ಅಂದೇ ಆಗತಕ್ಕವು. ವಯಸ್ಕರಿಗೆ ದಿನಕ್ಕೆ 7 ಗಂಟೆಯಾದರೂ ನಿದ್ದೆ ಬೇಕು. ನಿದ್ದೆಗೆಟ್ಟ ಮೆದುಳಿನ ಗಮನ ನಡುನಡುವೆ ಜಾರುತ್ತದೆ; ರೋಗ ತಗುಲಿದ ಹುಳು ಕಣ್ಣಿಗೆ ಬೀಳದೆ ಹಾಸಿಗೆಯಲ್ಲಿ ಉಳಿದರೆ ಬೆಳೆಯೇ ಹಾಳಾದೀತು. ಕೊನೆಯ ದಿನಗಳಲ್ಲಿ ಇಬ್ಬರು ರಾತ್ರಿಯನ್ನು ಹಂಚಿಕೊಂಡರೆ ಇಬ್ಬರಿಗೂ ಒಂದಷ್ಟು ಗಂಟೆ ತಡೆಯಿಲ್ಲದ ನಿದ್ದೆ ದೊರೆಯುತ್ತದೆ. ಎಲೆ ಬಿಡಿಸದೆ ರೆಂಬೆಸಹಿತ ಸೊಪ್ಪು ಕೊಡುವ ಪದ್ಧತಿಯಿಂದಲೂ ಶ್ರಮ ಬಹಳ ಉಳಿಯುತ್ತದೆ.

ಗೂಡಿನ ಮಾರುಕಟ್ಟೆಗೆ ಹೆಸರಾದ ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವವರ ಕಷ್ಟ ಬೇರೆ ಬಗೆಯದು. ಎಳೆಗಳನ್ನು ಅಂಟಿಸಿರುವ ಸೆರಿಸಿನ್ ಎಂಬ ಗೋಂದು ಬಿಸಿನೀರಿನಲ್ಲಿ ಮೆದುವಾದ ಹೊರತು ನೂಲು ಬಿಚ್ಚದು. ಆ ನೀರಿನಲ್ಲಿ ಬೆರಳುಗಳನ್ನು ಪದೇ ಪದೇ ಅದ್ದಿದರೆ ಚರ್ಮದ ಹೊರಪದರದ ಜಿಡ್ಡು ಕರಗಿ, ಚರ್ಮ ನೆನೆದು ಬಿರಿಯುತ್ತದೆ. ಬಿರುಕುಗಳಲ್ಲಿ ರೋಗಾಣುಗಳು ಸೇರುತ್ತವೆ. ಕೆಲಸ ಬಿಟ್ಟೊಡನೆ ಶುದ್ಧ ನೀರಿನಲ್ಲಿ ಕೈತೊಳೆದು, ಬೆರಳ ಸಂದುಗಳನ್ನು ಒರೆಸಿ, ಕೊಬ್ಬರಿಯೆಣ್ಣೆ ಸವರಲು ಐದು ನಿಮಿಷ ಸಾಕು. ಒಂದೇ ಭಂಗಿಯಲ್ಲಿ ಬಿಗಿದ ಸ್ನಾಯುಗಳಿಗೆ ರಕ್ತಸಂಚಾರ ಕುಗ್ಗುವುದರಿಂದ ಆಗಾಗ ಎದ್ದು ಬೆನ್ನು ನೆಟ್ಟಗೆ ಮಾಡಬೇಕು. ರೇಷ್ಮೆಯ ಧೂಳು ಕೆಲವರಿಗೆ ಉಬ್ಬಸ ತರುವುದುಂಟು. ಬಿಡದ ಕೆಮ್ಮನ್ನೂ ಕೀವಾದ ಬೆರಳನ್ನೂ ವೈದ್ಯರಿಗೆ ತೋರಿಸುವುದರಲ್ಲಿ ತಡಮಾಡಬಾರದು.

ಇನ್ನೊಂದು ಮಾತು. ಹುಳು ಜ್ವರಕ್ಕೆ ಕುಳಿತ ದಿನ ಗಂಡಸರಿಗೆ ಬಿಡುವಾದರೂ, ಮನೆಯ ಹೆಂಗಸರಿಗೆ ಅಂದೇ ಬಾಕಿಯುಳಿದ ಬಟ್ಟೆಬರೆ, ಪಾತ್ರೆಪಡಗಗಳ ರಾಶಿ ಕಾದಿರುತ್ತದೆ. ಕೆಲಸವನ್ನು ಹಂಚಿಕೊಳ್ಳದೆ ವಿಶ್ರಾಂತಿಯನ್ನು ಬೋಧಿಸುವುದು ಬರಿಯ ಬಾಯುಪಚಾರ. ಬಿಡುವಿನಲ್ಲಿರುವ ಹುಳುವನ್ನು ಕೆಣಕಬಾರದೆಂಬ ವಿವೇಕವನ್ನು ತಲೆಮಾರುಗಳಿಂದ ಪಾಲಿಸಿಕೊಂಡು ಬಂದವರು ನಾವು. ಆ ವಿವೇಕದಲ್ಲಿ ಒಂದು ಪಾಲನ್ನು ಮನೆಯವರ ಮೇಲೆಯೂ ತೋರುವುದು ಕಷ್ಟವಾಗಲಾರದು.