ಇಂಜಿನ್ನಿಗೆ ತಂಪು ಗಾಳಿ: ಮನೆಯಲ್ಲೇ ಮಾಡಬಹುದಾದದ್ದು

ಅಡಿಕೆ ಕೊಯ್ಲು ಮುಗಿಯುವ ಮೊದಲೇ ಅರೇಬಿಕಾ ಹಣ್ಣಾಗುತ್ತದೆ. ಅದರ ಬೆನ್ನಿಗೇ ರೋಬಸ್ಟಾ. ಆ ದಿನಗಳಲ್ಲಿ ಜೀಪೋ ಪಿಕಪ್ಪೋ ಒಂದು ವಾರ ಗ್ಯಾರೇಜಿನಲ್ಲಿ ನಿಂತರೆ ಸಣ್ಣ ಬೆಳೆಗಾರನ ಪಾಡೇನೆಂದು ನಮ್ಮ ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈಚೆಗೆ ಕೆಲವು ಸದಸ್ಯರು, ಮನೆಯ ಹುಡುಗರ ಒತ್ತಾಯದಿಂದ, ಇಂಜಿನ್ನಿಗೆ ತಂಪು ಗಾಳಿ ಎಳೆಯುವ ಹೊಸ ಫಿಲ್ಟರ್ ಹಾಕಿಸಬಹುದೇ ಎಂದು ವಿಚಾರಿಸುತ್ತಿದ್ದಾರೆ. ಹಣ ಖರ್ಚು ಮಾಡುವ ಮುಂಚೆ ವಿಷಯ ತಿಳಿದಿರಲಿ ಎಂದು ನಾಲ್ಕು ಮಾತು ಬರೆಯುತ್ತಿದ್ದೇವೆ.

ತಂಪು ಗಾಳಿಯಿಂದ ಲಾಭವೇನು?

ಇಂಜಿನ್ ಉರಿಸುವುದು ಡೀಸೆಲ್ ಒಂದನ್ನೇ ಅಲ್ಲ, ಗಾಳಿಯನ್ನೂ ಸಹ. ಎರಡೂವರೆ ಲೀಟರಿನ ಡೀಸೆಲ್ ಇಂಜಿನ್ ನಿಮಿಷಕ್ಕೆ 2400 ಸುತ್ತು ತಿರುಗುವಾಗ ಸುಮಾರು 2400 ಲೀಟರ್ ಗಾಳಿ ಎಳೆಯುತ್ತದೆ. ಎಂದರೆ, ನಾವು ಬೋರ್ಡೋ ದ್ರಾವಣ ಕಲಸುವ 200 ಲೀಟರಿನ ಬ್ಯಾರಲ್ಲಿನ ಲೆಕ್ಕದಲ್ಲಿ ನಿಮಿಷಕ್ಕೆ ಹನ್ನೆರಡು ಬ್ಯಾರಲ್.

ಗಾಳಿ ಕಾದಷ್ಟೂ ಹಗುರವಾಗುತ್ತದೆ. ಪ್ರತಿ 3 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇಕಡ 1ರಷ್ಟು ಸಾಂದ್ರತೆ ಇಳಿಯುತ್ತದೆ. ಹೊರಗೆ 30 ಡಿಗ್ರಿ ಇದ್ದು, ಬಾನೆಟ್ಟಿನೊಳಗಿನ 60 ಡಿಗ್ರಿಯ ಗಾಳಿಯನ್ನು ಇಂಜಿನ್ ಎಳೆದರೆ ಸುಮಾರು ಶೇಕಡ 9ರಷ್ಟು ಗಾಳಿ ಖೋತಾ. ಇದಲ್ಲದೆ, 1000 ಮೀಟರ್ ಎತ್ತರದ ನಮ್ಮ ಮಲೆಗಳಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಅಷ್ಟೇ ಪ್ರಮಾಣದಲ್ಲಿ ಮೊದಲೇ ತೆಳು. ಟರ್ಬೊ ಇಲ್ಲದ ಹಳೆಯ ಜೀಪು ಮೂಟೆ ಹೇರಿಕೊಂಡು ಏರು ಹತ್ತುವಾಗ ಕಪ್ಪು ಹೊಗೆ ಕಾರಿ ಏದುಸಿರು ಬಿಡುವುದಕ್ಕೆ ಇದೂ ಒಂದು ಕಾರಣ.

ಮೊದಲು ಪರೀಕ್ಷೆ

ಹೊಸ ಕಾರುಗಳಲ್ಲಿ ಗಾಳಿ ಎಳೆಯುವ ಕೊಳವೆಯ ಬಾಯಿ ಸಾಮಾನ್ಯವಾಗಿ ಮುಂದಿನ ಜಾಲರಿಯ ಹಿಂದೆ, ರೇಡಿಯೇಟರಿನ ಮೇಲ್ಗಡೆ ಇರುತ್ತದೆ. ಕಂಪನಿಯವರೇ ತಂಪು ಗಾಳಿಗೆ ಮಾಡಿಕೊಟ್ಟ ಏರ್ಪಾಡು ಇದು. ಆದರೆ ನಮ್ಮ ರಸ್ತೆಗಳ ಕುಲುಕಾಟಕ್ಕೆ ರಬ್ಬರ್ ಬಿರುಕು ಬಿಡುತ್ತದೆ, ಕ್ಲಿಪ್ ಸಡಿಲವಾಗುತ್ತದೆ. ರಿಪೇರಿಗೆ ಬಿಚ್ಚಿದ ಮುಂದಿನ ತುಂಡನ್ನು ಮರಳಿ ಜೋಡಿಸದೆ ಬಿಟ್ಟಿರುವುದೂ ಉಂಟು. ಆಗ ಇಂಜಿನ್ ತನ್ನದೇ ಬಿಸಿಯುಸಿರನ್ನು ಒಳಗೆಳೆಯುತ್ತದೆ.

ತಂತಿಯ ತುದಿಯಲ್ಲಿ ಸೂಜಿಯಿರುವ ಥರ್ಮಾಮೀಟರನ್ನು ಕೊಳವೆಯ ಬಾಯಿಯ ಹೊರಗೆ ಭದ್ರವಾಗಿ ಕಟ್ಟಿ, ಒಂದು ಏರು ಹತ್ತಿ ನೋಡಿ. ಗಾಡಿ ಓಡುವಾಗ ಅಲ್ಲಿನ ಬಿಸಿ ಹೊರಗಿನ ನೆರಳಿನ ಬಿಸಿಗೆ ಹತ್ತಿರವಿದ್ದರೆ ಏನೂ ಮಾಡಬೇಕಾಗಿಲ್ಲ. ಬಹಳ ಹೆಚ್ಚಿದ್ದರೆ ಮಾತ್ರ ಕೈ ಹಾಕಿ, ಅದೂ ಇಂಜಿನ್ ನಿಲ್ಲಿಸಿ ತಣಿದ ಮೇಲೆ.

ಕೊಳವೆಯ ಕೆಲಸ

ಕಳೆದುಹೋದ ತುಂಡಿದ್ದರೆ ಅದೇ ಮಾದರಿಯದನ್ನು ತಂದು ಹಾಕುವುದು ಎಲ್ಲಕ್ಕಿಂತ ಉತ್ತಮ. ಅದು ಸಿಗದಿದ್ದಲ್ಲಿ, ಬಿಸಿ ತಾಳುವ ಸುರುಳಿ ಕೊಳವೆಯನ್ನು ಮೂಲ ಕೊಳವೆಗಿಂತ ಕಿರಿದಾಗದಂತೆ ಆರಿಸಿ, ಆದಷ್ಟು ಕಡಿಮೆ ತಿರುವಿನಲ್ಲಿ ಮುಂದಕ್ಕೆ ಒಯ್ಯಿರಿ. ಫ್ಯಾನು, ಬೆಲ್ಟು, ಸೈಲೆನ್ಸರ್ ಕೊಳವೆಗಳಿಂದ ದೂರವಿರಲಿ. ತೋಟದಲ್ಲಿ ಉಳಿದ ಪಿವಿಸಿ ಪೈಪು ಈ ಕೆಲಸಕ್ಕೆ ಬೇಡ. ಬಿಸಿಗೆ ಮೆದುವಾಗಿ ಬಾಗುತ್ತದೆ.

ಒಂದು ವ್ಯತ್ಯಾಸವನ್ನು ನೆನಪಿಡಬೇಕು. ಫಿಲ್ಟರಿಗೆ ಮುಂಚಿನ ಕೊಳವೆ ಸೋರಿದರೆ ಬಿಸಿ ಗಾಳಿ ಸೇರುತ್ತದೆ, ಅಷ್ಟೆ. ಫಿಲ್ಟರಿನ ನಂತರದ ಕೊಳವೆ ಸೋರಿದರೆ ಶೋಧಿಸದ ಧೂಳು ನೇರ ಇಂಜಿನ್ನಿಗೆ ಹೋಗಿ ಪಿಸ್ಟನ್ ರಿಂಗು, ಸಿಲಿಂಡರುಗಳನ್ನು ಉಜ್ಜಿಹಾಕುತ್ತದೆ. ಆ ಭಾಗದ ಬಿರುಕಿಗೆ ಟೇಪು ಸುತ್ತಿ ದಿನ ದೂಡದೆ ಕೊಳವೆಯನ್ನೇ ಬದಲಿಸಿ.

ಬಾನೆಟ್ಟಿನೊಳಗೆ ತೆರೆದಿಡುವ ಹೊಳೆಯುವ ಫಿಲ್ಟರುಗಳಿಂದ ಸದ್ದು ಜೋರಾಗುತ್ತದೆ. ಆದರೆ ಅಡ್ಡ ತಡಿಕೆಯಿಲ್ಲದೆ ಇಟ್ಟರೆ ಅವು ಎಳೆಯುವುದು ಬಿಸಿ ಗಾಳಿಯನ್ನೇ. ಎಣ್ಣೆ ಸವರಿದ ಹತ್ತಿಯ ಫಿಲ್ಟರಿಗೆ ಎಣ್ಣೆ ಹೆಚ್ಚಾದರೆ, ಹೊಸ ಗಾಡಿಗಳಲ್ಲಿ ಗಾಳಿ ಅಳೆಯುವ ಸೆನ್ಸರ್ ಕೆಡಬಹುದು. ಮೂಲ ಏರ್ಪಾಡು ಸರಿಯಿರುವ ಗಾಡಿಗೆ ಇವುಗಳಿಂದ ಸಿಗುವ ಲಾಭ ಅತ್ಯಲ್ಪ.

ಧೂಳು ಮತ್ತು ನೀರು

ಕೊಯ್ಲಿನ ಕಾಲವೆಂದರೆ ಕೆಂಧೂಳಿನ ಕಾಲ. ಆಗ ಕಂಪನಿ ಹೇಳಿದ ಅವಧಿಗೆ ಕಾಯದೆ ಫಿಲ್ಟರನ್ನು ಆಗಾಗ ತೆಗೆದು ನೋಡಿ. ಕಾಗದದ ಫಿಲ್ಟರನ್ನು ತೊಳೆಯಬಾರದು, ಎಣ್ಣೆ ಹಚ್ಚಬಾರದು. ಮೆಲ್ಲಗೆ ತಟ್ಟಿ, ಒಳಗಿನಿಂದ ಹೊರಕ್ಕೆ ಸಣ್ಣ ಒತ್ತಡದಲ್ಲಿ ಗಾಳಿ ಹೊಡೆಯಿರಿ, ಹರಿದಿದ್ದರೆ ಬಿಸಾಡಿ. ಹಳೆಯ ಜೀಪುಗಳ ಎಣ್ಣೆ ಬಟ್ಟಲಿನ ಫಿಲ್ಟರಿನಲ್ಲಿ ತಳದ ಕೆಸರು ತೆಗೆದು, ಗುರುತಿನವರೆಗೆ ಮಾತ್ರ ಎಣ್ಣೆ ತುಂಬಿ. ಟರ್ಬೊ ಗಾಡಿಗಳಲ್ಲಿ ಗಾಳಿ ತಣಿಸುವ ಇಂಟರ್‌ಕೂಲರಿಗೆ ಮೆತ್ತಿದ ಕೆಸರನ್ನೂ ಹುಲ್ಲನ್ನೂ ತೊಳೆಯಿರಿ.

ಮಳೆಗಾಲದಲ್ಲಿ ಅಪಾಯ ಇನ್ನೂ ದೊಡ್ಡದು. ತಂಪು ಗಾಳಿಯ ಆಸೆಗೆ ಕೊಳವೆಯ ಬಾಯಿಯನ್ನು ಬಂಪರಿನ ಕೆಳಗೆ ಇಳಿಸಿದ ಗಾಡಿ ಹಳ್ಳ ದಾಟುವಾಗ ನೀರು ಕುಡಿಯುತ್ತದೆ. ಗಾಳಿಯಂತೆ ನೀರು ಅದುಮಿಕೊಳ್ಳುವುದಿಲ್ಲ. ಪಿಸ್ಟನ್ ಮೇಲೇರಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಾಗಾದರೆ ಇಂಜಿನ್ ಬಿಚ್ಚದೆ ಗತಿಯಿಲ್ಲ. ಆದ್ದರಿಂದ ಬಾಯಿ ಎಂದೂ ಮೂಲ ಎತ್ತರಕ್ಕಿಂತ ಕೆಳಗೆ ಬರಬಾರದು. ಫಿಲ್ಟರ್ ಡಬ್ಬಿಯ ತಳದಲ್ಲಿ ನೀರಿಳಿಯುವ ತೂತಿದ್ದರೆ ಅದನ್ನು ಮುಚ್ಚಬೇಡಿ. ನೀರಿನಲ್ಲಿ ಗಾಡಿ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡದೆ ಎಳೆಸಿ, ಮೆಕ್ಯಾನಿಕ್ಕಿನಿಂದ ಸಿಲಿಂಡರಿನ ನೀರು ತೆಗೆಸಿದ ನಂತರವೇ ಕೀಲಿ ತಿರುಗಿಸಿ.

ತಂಪು ಬೇಕು ನಿಜ. ಆದರೆ ಶುಚಿಯೂ ಒಣಗಿದ್ದೂ ಆಗಿರುವ ತಂಪು ಗಾಳಿಯೇ ಲಾಭದ ಗಾಳಿ. ವಾರಂಟಿ ಇರುವ ಗಾಡಿಗೆ ಕೈ ಹಚ್ಚುವ ಮುನ್ನ ಮಾರಿದವರನ್ನು ಕೇಳಿ. ಉಳಿದವರು ಮುಂಗಾರು ಹಿಡಿಯುವ ಮುಂಚೆ ಒಂದು ಬೆಳಗು ಬಿಡುವು ಮಾಡಿಕೊಂಡು ಬಾನೆಟ್ ಎತ್ತಿ, ಕೊಳವೆಯ ಉದ್ದಕ್ಕೂ ಕೈಯಾಡಿಸಿ ನೋಡಬೇಕೆಂದು ಕೋರುತ್ತೇವೆ.